ಷರಾ

ಮಾತ್ರೆ ನುಂಗಿದಂತೆ ಗಂಟಲು ಆಡಿಸುವುದನ್ನು ಅವಳು ಮೂರು ದಿನದಲ್ಲಿ ಚೆನ್ನಾಗಿ ಕಲಿತಿದ್ದಳು. ಎದುರಿಗೆ ಕೂತು ಸುರ್ ಎಂದು ಕಾಫಿ ಹೀರುತ್ತಿದ್ದ ಗಂಡ ಲೋಟದ ಅಂಚಿನ ಮೇಲಿಂದ ನೋಡಿ, "ತಗೊಂಡ್ಯಾ?" ಎಂದ. ಅವಳು ತಲೆಯಾಡಿಸಿದಳು. ಬಾಯಿ ತೆಗೆದು ತೋರಿಸು ಎನ್ನುವುದೊಂದೇ ಬಾಕಿ. ಅವನು ಕಾರು ಕಲಿಸುವವನು. ಅವನ ಕಾರಿನಲ್ಲಿ ಬ್ರೇಕು ಎರಡು, ಕಲಿಯುವವರ ಕಾಲ ಕೆಳಗೊಂದು, ಅವನ ಕಾಲ ಕೆಳಗೊಂದು. ಮನೆಯಲ್ಲೂ ಆ ಎರಡನೆಯ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಅವನು ಸಂಸಾರ ಮಾಡಿದ್ದ. ಅವಳು ಬಚ್ಚಲಿಗೆ ಹೋಗಿ, ನಾಲಿಗೆಯ ಅಡಿಯಲ್ಲಿ ಕಹಿಯಾಗಿ ಕರಗುತ್ತಿದ್ದ ಎರಡು ಮಾತ್ರೆಗಳನ್ನು ಉಗಿದು, ನಲ್ಲಿ ತಿರುಗಿಸಿ ನೀರು ಬಿಟ್ಟಳು. ನಲ್ಲಿ ನಿಲ್ಲಿಸಿದಳು. ಬಾಗಿಲ ತನಕ ಬಂದು ಮತ್ತೆ ಹೋಗಿ ನೋಡಿದಳು. ನಿಂತಿತ್ತು. ಚಪ್ಪಲಿ ಮೆಟ್ಟಿಕೊಂಡ ಮೇಲೆ ಇನ್ನೊಂದು ಸಲ. ನಾಲ್ಕನೆಯ ಸಲ ನಲ್ಲಿಯ ಕುತ್ತಿಗೆ ಹಿಡಿದು ನಿಂತಾಗ, ಒಂದೂವರೆ ವರ್ಷದಿಂದ ಮುಖ ತೋರಿಸದೆ ಇದ್ದ ಕಾಯಿಲೆ ಎಂಬ ನೆಂಟ ಹಾಸಿಗೆ ಸಮೇತ ವಾಪಸು ಬಂದಿದ್ದಾನೆ ಎಂದು ಅವಳಿಗೆ ಖಾತ್ರಿಯಾಯಿತು. ಮಾತ್ರೆ ಬಿಟ್ಟರೆ ಕೂತಲ್ಲಿ ನಿಲ್ಲದ ತನ್ನ ಕಾಲು ಸುಮ್ಮನಾಗುತ್ತದೆ ಎಂದು ಲೆಕ್ಕ ಹಾಕಿದ್ದಳು. ಮೂರು ದಿನವಾದರೂ ಕಾಲು ಸುಮ್ಮನಾಗಲಿಲ್ಲ, ನಲ್ಲಿ ಮಾತ್ರ ತಿರುಗಿ ಬಂತು.

ಇವತ್ತು ಮೂರು ಗಂಟೆಗೆ ತಪಾಸಣೆಯವರು ಬರುತ್ತಾರೆ. ಅವಳ ಪಕ್ಕದಲ್ಲಿ ನಿಂತು, ಅವಳು ತೂಗುವುದನ್ನು ನೋಡಿ, ತೂಕದ ಪ್ರಮಾಣಪತ್ರಗಳಿಗೆ ಸಹಿ ಹಾಕುವ ಅಧಿಕಾರ ಇನ್ನೂ ಎರಡು ವರ್ಷ ಅವಳ ಬಳಿ ಇರಬೇಕೋ ಬೇಡವೋ ಎಂದು ಬರೆದುಕೊಂಡು ಹೋಗುತ್ತಾರೆ. ಆ ಹೊತ್ತಿಗೆ ಕಾಲು ದಣಿದಿರಲಿ ಎಂದು, ಬಸ್ಸಿನಲ್ಲಿ ಕೂರಲು ಸೀಟು ಇದ್ದರೂ ಅವಳು ನಿಂತೇ ಹೋದಳು. ಹಿಂದಿನ ಸೀಟಿನ ಯಾರೋ, "ಕೂತ್ಕೊಳ್ರಿ, ದಾರಿಗೆ ಅಡ್ಡ," ಎಂದು ರೇಗಿದರು. ಆ ಹೊತ್ತಿನಲ್ಲಿ ಕೂತರೆ ಏನಾಗುತ್ತದೆ ಎಂದು ಈ ಮನುಷ್ಯನಿಗೆ ಹೇಗೆ ಹೇಳುವುದು? ನೋವಲ್ಲ, ತುರಿಕೆಯಲ್ಲ, ಜೋಮೂ ಅಲ್ಲ. ಮೊಣಕಾಲಿನ ಕೆಳಗೆ, ಮಾಂಸಕ್ಕೂ ಮೂಳೆಗೂ ನಡುವೆ ಎಲ್ಲೋ, ಸೋಡಾ ಬಾಟಲಿಯ ಗುಳ್ಳೆಗಳು ಏಳುತ್ತವೆ. ಕಾಲು ಒದರಿದರೆ ಒಂದು ಕ್ಷಣ ಅಡಗಿ ಮತ್ತೆ ಏಳುತ್ತವೆ. ತಡೆದು ಕೂತರೆ ಕಿರುಚಬೇಕೆನಿಸುತ್ತದೆ. ಇದಕ್ಕೆ ಅವಳ ಬಳಿ ಇದ್ದದ್ದು ಒಂದೇ ಮಾತು, ಚಡಪಡಿಕೆ. ಎರಡೂವರೆ ತಿಂಗಳ ಹಿಂದೆ ಡಾಕ್ಟರ ಹತ್ತಿರ ಹೋಗುವಾಗ ದಾರಿಯಲ್ಲಿ ಗಂಡನಿಗೆ, "ಸಂಜೆಯಾದ್ರೆ ಕಾಲು ಚಡಪಡಿಸುತ್ತೆ ಕಣ್ರೀ," ಎಂದಿದ್ದಳು. ಒಳಗೆ ಡಾಕ್ಟರು ಹೇಗಿದ್ದೀರಿ ಎಂದು ಕೇಳಿದ್ದು ಅವಳನ್ನು. ಉತ್ತರ ಕೊಟ್ಟದ್ದು ಅವನು. "ಚಡಪಡಿಕೆ ಜಾಸ್ತಿ ಆಗಿದೆ ಡಾಕ್ಟ್ರೇ. ಕೂತಲ್ಲಿ ಕೂರಲ್ಲ." ಕಾಲನ್ನು ದಾರಿಯಲ್ಲೇ ಬಿಟ್ಟು ಬಂದಿದ್ದ. ಡಾಕ್ಟರು ತಲೆಯಾಡಿಸಿ, ಬರೆದು, ಒಂದು ಮಾತ್ರೆಯನ್ನು ಎರಡು ಮಾಡಿದರು. ಅವಳು ತಿದ್ದಲಿಲ್ಲ. ಇಪ್ಪತ್ತು ವರ್ಷ ತಿದ್ದಿ ತಿದ್ದಿಯೇ ಹಾಳಾದವಳು. ಒಂದು ಮಾತು ತಿದ್ದಿದರೆ ಅದು ಸರಿಯಾಗಿ ತಲುಪಿತೇ ಎಂದು ಇನ್ನೊಮ್ಮೆ ಹೇಳಿ, ಮನೆಗೆ ಹೋಗಿ ಫೋನು ಮಾಡಿ, ಮರುದಿನ ಚೀಟಿ ಬರೆದು ಕಳಿಸುತ್ತಿದ್ದವಳು. ಅವತ್ತು ಸುಮ್ಮನೆ ಕೂತಿದ್ದಕ್ಕೆ ತನ್ನ ಮೇಲೆ ತನಗೇ ಹೆಮ್ಮೆಯಾಗಿತ್ತು. ಎರಡನೆಯ ಮಾತ್ರೆ ಶುರುವಾದ ಹತ್ತನೆಯ ದಿನಕ್ಕೆ ಸಂಜೆಯ ಗುಳ್ಳೆಗಳು ಮಧ್ಯಾಹ್ನ ಮೂರೂವರೆಗೇ ಏಳತೊಡಗಿದವು.

ಅವಳ ಕೋಣೆ ಕಟ್ಟಡದ ತೀರಾ ಒಳಗಿತ್ತು, ಕಾರಿಡಾರಿನ ಕೊನೆಯಲ್ಲಿ. ಔಷಧ ಅಂಗಡಿಗಳು, ಚಿನ್ನದ ಕೆಲಸದವರು, ಕಾರ್ಖಾನೆಗಳು ಕಳಿಸಿದ ತೂಕದ ಬಟ್ಟುಗಳು ಸಣ್ಣ ಪೆಟ್ಟಿಗೆಗಳಲ್ಲಿ ಪರೀಕ್ಷೆಗೆಂದು ಅಲ್ಲಿಗೆ ಬರುತ್ತಿದ್ದವು. ಕೈ ತಾಕಿದರೆ ಬೆವರಿನ ತೂಕ ಸೇರುತ್ತದೆ, ಅದಕ್ಕೇ ಚಿಮಟದಲ್ಲಿ ಎತ್ತಿ, ಗಾಜಿನ ಗೂಡಿನೊಳಗಿನ ತಕ್ಕಡಿಯ ಮೇಲಿಟ್ಟು, ಅಂಕಿ ನಿಲ್ಲುವ ತನಕ ಉಸಿರು ಬಿಗಿಹಿಡಿದು ಕಾಯಬೇಕು. ಹೀಗೆ ಹತ್ತು ಸಲ. ಹತ್ತು ಮುಗಿಯುವ ತನಕ ಏಳುವಂತಿಲ್ಲ. ಎದ್ದರೆ ಕೋಣೆಯ ಗಾಳಿ ಕದಡುತ್ತದೆ, ಮೊದಲಿನಿಂದ ಶುರುಮಾಡಬೇಕು. ಅವಳ ಕಾಯಿಲೆಗೆ ಹೇಳಿ ಮಾಡಿಸಿದ ಕೆಲಸ ಎಂದು ಮುಖ್ಯಸ್ಥ ಎಲ್ಲರ ಮುಂದೆ ನಕ್ಕಿದ್ದ. ಮಾತ್ರೆ ಇಲ್ಲದ ಕಾಲದಲ್ಲಿ ಹತ್ತರ ಬದಲು ಮೂವತ್ತು ಸಲ ತೂಗುತ್ತಿದ್ದಳು, ಬರೆದ ಅಂಕಿಯ ಮೇಲೆಯೇ ಮತ್ತೆ ಮತ್ತೆ ಬರೆದು ಕಾಗದ ಹರಿಯುತ್ತಿತ್ತು. ಆಗ ಅವನು ಅವಳ ಮೇಜಿನ ಮೇಲೆ ದಪ್ಪ ಅಕ್ಷರದಲ್ಲಿ ಒಂದು ನಿಯಮ ಅಂಟಿಸಿದ. ತಪ್ಪಾದರೆ ಅಳಿಸಬಾರದು. ಒಂದೇ ಒಂದು ಗೆರೆ ಎಳೆಯಬೇಕು, ಹಳೆಯದು ಓದಲು ಬರುವಂತಿರಬೇಕು. ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ, ತಾರೀಖು ಹಾಕಬೇಕು. ಆ ನಿಯಮ ಎಲ್ಲರಿಗೂ ಇತ್ತು, ಅಂಟಿಸಿದ್ದು ಮಾತ್ರ ಅವಳ ಮೇಜಿನ ಮೇಲೆ. 'ತೂಕದ ಮೇಡಂ' ಎಂದು ಅವಳನ್ನು ಕರೆಯುವವರೆಲ್ಲ ಒಳಗೆ ಬಂದಾಗ ಅದನ್ನೊಮ್ಮೆ ಓದಿ, ಅವಳನ್ನೊಮ್ಮೆ ನೋಡುತ್ತಿದ್ದರು.

ಬೆಳಿಗ್ಗೆ ಅವಳು ಕೋಣೆಯ ಬೀಗ ತೆಗೆಯುವಾಗ ಕಾರಿಡಾರಿನ ಗೋಡೆಗೆ ಒರಗಿಸಿದ್ದ ಟ್ರಾಲಿ ಕಂಡಿತು. ನೋಡಬಾರದು ಎಂದುಕೊಂಡೇ ನೋಡಿದಳು. ನಾಲ್ಕೂ ಚಕ್ರಗಳಿಗೆ ಸೈಕಲ್ ಟ್ಯೂಬನ್ನು ಸೀಳಿ ಸುತ್ತಿ, ತಂತಿಯಿಂದ ಕಟ್ಟಿತ್ತು. ತೊಳೆದ ಗಾಜಿನ ಜಾಡಿಗಳನ್ನೂ ನೀರಿನ ಕ್ಯಾನುಗಳನ್ನೂ ಅದರಲ್ಲಿ ತಳ್ಳಿಕೊಂಡು ಬರುತ್ತಿದ್ದವಳನ್ನು ಎಲ್ಲರೂ ಟ್ರಾಲಿ ಅಕ್ಕ ಎನ್ನುತ್ತಿದ್ದರು. ದಿನಾ ಮೂರೂ ನಲವತ್ತಕ್ಕೆ ಅವಳು ಈ ಬಾಗಿಲ ಮುಂದೆ ಹಾದುಹೋಗುತ್ತಿದ್ದಳು. ಮೊದಲ ಸಲ ತಕ್ಕಡಿಯ ಕೊನೆಯ ಅಂಕಿ ನಿಲ್ಲದೆ ಕುಣಿದ ದಿನ ಹೊರಗೆ ನಿಜವಾಗಿಯೂ ಟ್ರಾಲಿ ಗಡಗಡ ಎನ್ನುತ್ತಿತ್ತು. ದಾಖಲೆ ಪುಸ್ತಕದಲ್ಲಿ ಅಂಕಿಗಳ ಪಕ್ಕ ಕಡೆಯಲ್ಲಿ ಷರಾ ಎಂದೊಂದು ಕಾಲಂ ಇತ್ತು. ಅಡ್ಡಿಯಾದರೆ ಕಾರಣ ಬರೆಯಬೇಕು. 'ಟ್ರಾಲಿ' ಎಂದು ಬರೆದಳು. ಅದು ಸುಳ್ಳೆಂದು ಹೇಳುವಂತಿರಲಿಲ್ಲ. ಎರಡನೆಯ ದಿನ ತನ್ನ ಪಾದ ತಕ್ಕಡಿಯಿಟ್ಟ ಕಲ್ಲಿನ ಮೇಜಿನ ಬುಡಕ್ಕೆ ತಾಗಿಕೊಂಡು ಥರಥರ ಆಡುತ್ತಿದ್ದುದು ಅವಳ ಕಣ್ಣಿಗೆ ಬಿತ್ತು. ಪಾದವನ್ನು ಹಿಂದಕ್ಕೆ ಎಳೆದುಕೊಂಡಳು, ಅಂಕಿ ನಿಂತಿತು. ಎರಡು ನಿಮಿಷದಲ್ಲಿ ಪಾದ ತಾನಾಗಿ ಮತ್ತೆ ಅಲ್ಲಿಗೇ ಹೋಗಿತ್ತು. ಆಗಲೂ 'ಟ್ರಾಲಿ' ಎಂದೇ ಬರೆದಳು. ಆಮೇಲೆ ಅದು ಅಭ್ಯಾಸವಾಯಿತು. ಮುಖ್ಯಸ್ಥ ಟ್ರಾಲಿ ಅಕ್ಕನನ್ನು ಕರೆದು ಬೈದ ಮಾರನೆಯ ವಾರ ಅವಳು ಈ ಟ್ಯೂಬು ಸುತ್ತಿಕೊಂಡು ಬಂದು, ಬಾಗಿಲಲ್ಲಿ ಇಣುಕಿ, "ನಮ್ಮೆಜಮಾನ್ರ ಸೈಕಲ್ದು ಮೇಡಂ. ಈಗ ಸದ್ದಿಲ್ಲ ಅಲ್ವಾ?" ಎಂದು ನಗುತ್ತ ಕೇಳಿದ್ದಳು. "ಪರವಾಗಿಲ್ಲ," ಎಂದಿದ್ದಳು ಇವಳು. ಅವಳು ಅತ್ತ ಹೋದೊಡನೆ ಷರಾದಲ್ಲಿ ಮತ್ತೆ 'ಟ್ರಾಲಿ' ಎಂದೇ ಬರೆದಿದ್ದಳು.

ನಿನ್ನೆ ಸಂಜೆ ಮುಖ್ಯಸ್ಥ ಒಳಗೆ ಬಂದು, ದೊಡ್ಡ ಉಪಕಾರ ಮಾಡಿದವನ ಧಾಟಿಯಲ್ಲಿ, "ಆಯ್ತು ಬಿಡಿ ಮೇಡಂ. ನಾಳೆಯಿಂದ ಅವಳು ಬರಲ್ಲ. ಕಂಟ್ರಾಕ್ಟ್‌ನವರಿಗೆ ಹೇಳ್ಬಿಟ್ಟೆ. ನಿಮ್ಮ ನಲವತ್ತೊಂದು ಷರಾ ತೋರಿಸಿದ ಮೇಲೆ ಅವರೂ ಬಾಯಿ ಬಿಡಲಿಲ್ಲ," ಎಂದಿದ್ದ. ನಲವತ್ತೊಂದು ಎಂದು ಅವನು ಎಣಿಸಿದ್ದಕ್ಕೆ ಅವಳಿಗೆ ಆಶ್ಚರ್ಯವಾಗಿತ್ತು, ಅಷ್ಟೆ. ಮನೆಗೆ ಹೋಗಿ ಬಟ್ಟೆ ಮಡಿಸಿದಳು, ಉಂಡಳು. ಇದನ್ನು ನೆನೆದೇ ಈಗ ಅವಳ ಮೈ ತಣ್ಣಗಾಯಿತು. ಯಾಕೆಂದರೆ ಮಾಡದ ತಪ್ಪಿಗೆ ಅವಳು ಸಾಯುವಷ್ಟು ನರಳಿದವಳು. ಮದುವೆಯಾದ ಹೊಸತರಲ್ಲಿ ಗಂಡನ ಕಾರು ರಸ್ತೆಯಲ್ಲಿ ಏನನ್ನೋ ಹತ್ತಿ ಇಳಿದಾಗ, ಹಿಂದೆ ಕೂತಿದ್ದ ಅವಳು ಯಾರನ್ನೋ ಕೊಂದೆವು ಎಂದು ಅತ್ತು, ಮೂರು ಸಲ ಕಾರು ತಿರುಗಿಸಿಕೊಂಡು ಹೋಗಿ ನೋಡುವಂತೆ ಮಾಡಿದ್ದಳು. ಅದು ಸಿಮೆಂಟಿನ ಖಾಲಿ ಚೀಲ. ಮನೆಗೆ ಬಂದವರಿಗೆಲ್ಲ ಗಂಡ ಆ ಕಥೆಯನ್ನು ಅಭಿನಯಿಸಿ ತೋರಿಸುತ್ತಿದ್ದ. ಅವಳ ದನಿ ಮಾಡಿ, "ಅಯ್ಯೋ, ಅವನ ಹೆಂಡ್ತಿಗೆ ಯಾರು ಹೇಳ್ತಾರೆ!" ಎನ್ನುತ್ತಿದ್ದ. ನೆಂಟರು ಹೊಟ್ಟೆ ಹಿಡಿದುಕೊಂಡು ನಗುವಾಗ ಅವಳೂ ನಗುತ್ತ ಲೋಟ ಎತ್ತಿಕೊಂಡು ಒಳಗೆ ಹೋಗಿ ಕೈ ತೊಳೆಯುತ್ತಿದ್ದಳು. ಖಾಲಿ ಚೀಲಕ್ಕೆ ಅತ್ತ ಕಣ್ಣು ನಿನ್ನೆ ಒದ್ದೆಯಾಗಲಿಲ್ಲ. ಮಾತ್ರೆ ಅವಳೊಳಗಿನ ಕಸ ಗುಡಿಸುವಾಗ ಮನೆಯ ಸಾಮಾನನ್ನೂ ಎತ್ತಿ ಆಚೆ ಹಾಕಿತೇ? ಅಥವಾ ಅವಳು ಮೊದಲಿನಿಂದಲೂ ಇಷ್ಟೇ ಕೆಟ್ಟವಳೇ, ಇಷ್ಟು ವರ್ಷ ಕೈ ತೊಳೆದದ್ದೆಲ್ಲ ಬರೀ ನಾಟಕವೇ? ಎರಡರಲ್ಲಿ ಯಾವುದಾದರೂ ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು.

ಊಟದ ಹೊತ್ತಿನಲ್ಲಿ ಡಬ್ಬಿಯನ್ನು ತೆರೆಯದೆ ಕೈಯಲ್ಲೇ ಹಿಡಿದು ಮೆಟ್ಟಿಲು ಹತ್ತಿ ಇಳಿಯತೊಡಗಿದಳು. ಕಾಲನ್ನು ದಣಿಸಿ ಮೂರು ಗಂಟೆಗೆ ಸಿದ್ಧ ಮಾಡುವ ಉಪಾಯ. ನಾಲ್ಕನೆಯ ಸುತ್ತಿಗೆ ಎದುರಾದ ಮುಖ್ಯಸ್ಥ ಗೋಡೆಗೆ ಸರಿದು ನಿಂತು, "ಏನು ಮೇಡಂ, ಮೆಟ್ಟಿಲು ಎಣಿಸ್ತಿದೀರಾ? ಇವತ್ತೊಂದು ದಿನ ನಿಮ್ಮ ಹಳೇ ವರಸೆ ಬೇಡ," ಎಂದು ಕೆಳಗಿಳಿದು ಹೋದ. ಅವನ ಬೋಳುತಲೆಯ ಮೇಲೆ ಡಬ್ಬಿ ಕೈಬಿಡಬೇಕೆನಿಸಿತು. ಕೈಬಿಟ್ಟೇಬಿಟ್ಟೆನೇನೋ ಎಂದು ಬಗ್ಗಿ ನೋಡಿ, ಡಬ್ಬಿ ಇನ್ನೂ ತನ್ನ ಕೈಯಲ್ಲೇ ಇರುವುದನ್ನು ಕಂಡಾಗ ಹೆದರಿಕೆಯಾಗಿ ಅಲ್ಲೇ ನಿಂತು ಡಾಕ್ಟರಿಗೆ ಫೋನು ಮಾಡಿದಳು.

"ಡಾಕ್ಟ್ರೇ, ಒಂದು ಮಾತು ತಪ್ಪಾಗಿದೆ. ಚಡಪಡಿಕೆ ಅಂದಿದ್ದು ಮನಸ್ಸಿಗಲ್ಲ. ಕಾಲಿಗೆ."

ಆ ಕಡೆ ಹಾಳೆ ಮಗುಚುವ ಸದ್ದು. "ಕೂತಾಗ ಜಾಸ್ತೀನಾ?"

"ಹೂಂ."

"ಎದ್ದು ನಡೆದ್ರೆ ಹೋಗುತ್ತಾ?"

"ನಡೆಯೋ ತನಕ ಹೋಗುತ್ತೆ."

"ಅದು ಕಾಲಿನದೇ ಒಂದು ಕಾಯಿಲೆ. ಈ ಮಾತ್ರೆ ಅದನ್ನ ಕೆರಳಿಸುತ್ತೆ. ನಾನು ನೋಡಿದ್ರೆ ಎರಡು ಮಾಡಿ ಕೊಟ್ಟಿದೀನಿ. ಎರಡೂವರೆ ತಿಂಗಳು ಬಾಯಲ್ಲಿ ಏನಿಟ್ಕೊಂಡಿದ್ರಿ?"

"ಮೂರು ದಿನದಿಂದ ಮಾತ್ರೆ ಇಟ್ಕೊಂಡಿದೀನಿ. ನುಂಗ್ತಾ ಇಲ್ಲ."

ಡಾಕ್ಟರು ಬೈದರು. ಇಷ್ಟ ಬಂದಾಗ ಬಿಡಲು ಅದೇನು ಪೆಪ್ಪರಮೆಂಟೇ ಎಂದರು, ಇವತ್ತೇ ಒಂದು ನುಂಗಿ, ಎರಡು ಬೇಡ, ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ, ರಕ್ತದಲ್ಲಿ ಕಬ್ಬಿಣ ಎಷ್ಟಿದೆ ನೋಡಬೇಕು ಎಂದರು. ನೆಗಡಿಗೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿ, ಧೂಳಿಗೆಂದು ದಿನಾ ಒಂದು ಎಂದಾಗ, "ಅದೂ ಸೇರ್ಕೊಂಡಿದೆ ನೋಡಿ! ನಿಲ್ಸಿ ಅದನ್ನ," ಎಂದು ಇನ್ನೊಂದು ಸಲ ಬೈದರು. ಬೈಸಿಕೊಳ್ಳುತ್ತ ಅವಳಿಗೆ ಒಂಥರಾ ಹಗುರವಾಯಿತು. ಯಾರೋ ಕೊನೆಗೂ ಕಾಲನ್ನು ಕಾಲು ಎಂದೇ ಕರೆದಿದ್ದರು.

"ಡಾಕ್ಟ್ರೇ, ಈ ಮಾತ್ರೆ ತಗೊಂಡ್ರೆ ನಿಜವಾಗ್ಲೂ ಮಾಡಿದ ತಪ್ಪೂ ತಪ್ಪು ಅನ್ಸಲ್ವಾ?"

"ಏನ್ ಮಾಡಿದ್ರಿ?"

ಅವಳು ಡಬ್ಬಿಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು.

"ಇಲ್ಲದ್ದನ್ನ ಹಿಡ್ಕೊಂಡು ಒದ್ದಾಡೋದು ಕಮ್ಮಿ ಆಗುತ್ತೆ, ಅಷ್ಟೇ. ಮಾಡಿದ್ದನ್ನ ಮಾತ್ರೆ ಮೇಲೆ ಹಾಕ್ಬೇಡಿ. ಹೊರಗಡೆ ಜನ ಕಾಯ್ತಿದಾರೆ, ಇಡ್ಲಾ?"

ಮೂರಕ್ಕೆ ಸರಿಯಾಗಿ ತಪಾಸಣೆಯವರು ಬಂದರು. ಒಬ್ಬರೇ, ಅವಳಿಗಿಂತ ಹಿರಿಯ ಹೆಂಗಸು, ಕನ್ನಡಕಕ್ಕೆ ದಾರ, ನಗು ಎಂಬುದನ್ನು ಮನೆಯಲ್ಲೇ ಬಿಟ್ಟು ಬಂದ ಮುಖ. ಮುಖ್ಯಸ್ಥ ಅವರ ಹಿಂದೆ ಬಾಗಿಲು ಮುಚ್ಚಿ ಕೈಕಟ್ಟಿ ನಿಂತ. ಅವಳು ಕೂತು, ಕೈಗವಸು ಹಾಕಿಕೊಂಡು, ಚಿಮಟದಿಂದ ಬಟ್ಟನ್ನು ಎತ್ತಿದಳು. ಒಂದು. ಎರಡು. ಕೈ ಬಂಗಾರದಂತೆ ಕೆಲಸ ಮಾಡಿತು. ಮೂರನೆಯದಕ್ಕೆ ಗಾಜಿನ ಬಾಗಿಲು ಸರಿಯಾಗಿ ಮುಚ್ಚಿತೇ ಎಂಬ ಅನುಮಾನ ಬಂತು, ಮುಚ್ಚಿದ್ದನ್ನು ನೋಡಿದ್ದಳು, ಮತ್ತೆ ಬಂತು. ನಲ್ಲಿ ನೆನಪಾಯಿತು. ಇನ್ನೊಂದು ಸಲ ನೋಡಿದರೆ ಈ ಹೆಂಗಸು ಬರೆದುಕೊಳ್ಳುತ್ತಾಳೆ. ನೋಡಲಿಲ್ಲ. ಆರನೆಯದರ ಹೊತ್ತಿಗೆ ಗೋಡೆಯ ಗಡಿಯಾರ ಮೂರೂ ಇಪ್ಪತ್ತೆಂಟು ತೋರಿಸುತ್ತಿತ್ತು, ಎಡಗಾಲಿನ ಮೀನಖಂಡದಲ್ಲಿ ಮೊದಲ ಗುಳ್ಳೆ ಎದ್ದಿತು. ಬೆರಳುಗಳನ್ನು ಚಪ್ಪಲಿಯೊಳಗೆ ಮಡಚಿದಳು. ಬಲಗಾಲನ್ನು ಎಡಗಾಲ ಮೇಲೆ ಹಾಕಿ ಅದುಮಿದಳು. ಹೊಡೆದಾಡುವ ಇಬ್ಬರನ್ನು ಬಿಡಿಸಲು ಹೋದ ಮೂರನೆಯವನಂತೆ ಬಲಗಾಲೂ ಅದಕ್ಕೇ ಸೇರಿಕೊಂಡಿತು. ಏಳು. ಎಂಟು. ಹಲ್ಲು ಕಚ್ಚಿದ್ದರಿಂದ ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಈ ಕೋಣೆಯಲ್ಲಿರುವ ಎಲ್ಲರನ್ನೂ, ಮುಖ್ಯಸ್ಥನ ಕಟ್ಟಿದ ಕೈಯನ್ನು, ಹೆಂಗಸಿನ ದಾರವನ್ನು, ಎಲ್ಲೋ ರಸ್ತೆಯಲ್ಲಿ ಎರಡನೆಯ ಬ್ರೇಕು ಒತ್ತುತ್ತಿರುವ ಗಂಡನನ್ನು ಅವಳು ಮನಸಾರೆ ಶಪಿಸಿದಳು. ಒಂಬತ್ತನೆಯದಕ್ಕೆ ತಕ್ಕಡಿಯ ಕೊನೆಯ ಅಂಕಿ ಕುಣಿಯಿತು. ನಾಲ್ಕು, ಏಳು, ಎರಡು, ಏಳು. ನಿಲ್ಲಲಿಲ್ಲ.

"ಇದು ಯಾವುದರಿಂದ?" ಎಂದರು ತಪಾಸಣೆಯವರು.

"ಟ್ರಾಲಿ ಮೇಡಂ," ಎಂದ ಮುಖ್ಯಸ್ಥ ಥಟ್ಟನೆ. "ದಿನಾ ಇದೇ ಹೊತ್ತಿಗೆ..."

ಹೇಳಿ ಮುಗಿಸುವ ಮೊದಲೇ ಅವನಿಗೆ ನೆನಪಾಯಿತು. ಮೂವರೂ ಕಿವಿಗೊಟ್ಟರು. ಕಾರಿಡಾರಿನಲ್ಲಿ ಸದ್ದೇ ಇರಲಿಲ್ಲ. ತಪಾಸಣೆಯವರು ಬಾಗಿಲು ತೆರೆದು ನೋಡಿದರು. ಟ್ಯೂಬು ಸುತ್ತಿಕೊಂಡ ಟ್ರಾಲಿ ಗೋಡೆಗೆ ಒರಗಿ ನಿಂತಿತ್ತು. ಅವರು ಬಾಗಿಲು ಮುಚ್ಚಿ, ದಾಖಲೆ ಪುಸ್ತಕವನ್ನು ಎಳೆದುಕೊಂಡು ಹಿಂದಿನ ಹಾಳೆಗಳನ್ನು ತಿರುವಿದರು. ಟ್ರಾಲಿ, ಟ್ರಾಲಿ, ಟ್ರಾಲಿ. ಪುಸ್ತಕವನ್ನು ಅವಳ ಮುಂದೆ ಸರಿಸಿ, "ಇವತ್ತಿನ ಷರಾ ಬರೀರಿ," ಎಂದರು.

ಮುಖ್ಯಸ್ಥ ಅವಳ ಕಿವಿಯ ಹತ್ತಿರ ಬಗ್ಗಿದ. "ಲಿಫ್ಟ್ ಅಂತ ಬರೀರಿ. ಈಗ ತಾನೇ ಹೋಯ್ತು ಅನ್ಸುತ್ತೆ."

ಪೆನ್ನು ಲಿ ಅಕ್ಷರದ ಗುಡಿಸಿನ ತನಕ ಹೋಗಿತ್ತು. ಲಿಫ್ಟಿನಲ್ಲಿ ಸ್ಟೂಲು ಹಾಕಿಕೊಂಡು ಕೂರುವ ಮುದುಕನೊಬ್ಬನಿದ್ದ. ನಲವತ್ತೊಂದು ದಿನ ಬರೆದರೆ ಅವನ ಸ್ಟೂಲೂ ಗೋಡೆಗೆ ಒರಗುತ್ತದೆ. ಅವಳು ಬರೆದ ಅರ್ಧ ಅಕ್ಷರದ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ 'ನನ್ನ ಕಾಲು' ಎಂದು ಬರೆದಳು.

"ಏನಿದು?" ಎಂದ ಮುಖ್ಯಸ್ಥ.

"ಕಾಲು. ಕೂತ್ರೆ ನಿಲ್ಲಲ್ಲ. ಎರಡು ತಿಂಗಳಿಂದ ಇದೇ. ಟ್ರಾಲಿ ಅಲ್ಲ." ದನಿ ಜೋರಾಗಿತ್ತು, ಜಗಳಕ್ಕೆ ಬಂದವಳ ಹಾಗೆ.

"ಗೊತ್ತಿದ್ದೂ ಬರೆದ್ರಾ?" ಎಂದರು ತಪಾಸಣೆಯವರು.

"ಗೊತ್ತಿದ್ದೇ ಬರೆದೆ. ಮೊದಲನೇದು ಬಿಟ್ಟು."

"ಸಹಿ ಅಧಿಕಾರ ಹೋಗುತ್ತೆ."

"ಹೋಗ್ಲಿ."

"ಹೋಗ್ಲಿ ಅಂತ ನೀವು ಹೇಳ್ಬೇಕಾಗಿಲ್ಲ, ಹೋಗುತ್ತೆ," ಎಂದು ಅವರು ತಮ್ಮ ಹಾಳೆಯಲ್ಲಿ ಬರೆದುಕೊಂಡರು. ಅವರ ಮುಖದಲ್ಲಿ ಕರುಣೆಯ ಸುಳಿವಿರಲಿಲ್ಲ. ಹದಿನಾರು ವರ್ಷದ ಅಧಿಕಾರ ಒಂದೂವರೆ ಸಾಲಿನಲ್ಲಿ ಮುಗಿಯಿತು.

ಅವಳು ಎದ್ದು ನಿಂತಳು. ಈಗ ಗಾಳಿ ಕದಡಿದರೆ ಕದಡಲಿ. ಗುಳ್ಳೆಗಳು ಒಮ್ಮೆಗೇ ಅಡಗಿದವು. ಪುಸ್ತಕವನ್ನು ಎತ್ತಿಕೊಂಡು ಹೋಗಿ ಎತ್ತರದ ಬೀರುವಿನ ಮೇಲಿಟ್ಟು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ಎರಡು ತಿಂಗಳ ಹಿಂದಿನ ಹಾಳೆ ತೆಗೆದಳು. ಟ್ರಾಲಿ ಎಂಬುದರ ಮೇಲೆ ಒಂದು ಗೆರೆ. ಪಕ್ಕದಲ್ಲಿ, ಟ್ರಾಲಿ ಇರಬಹುದು, ನನ್ನ ಕಾಲೂ ಇರಬಹುದು. ಸಹಿ, ತಾರೀಖು. ಎರಡನೆಯ ದಿನದ್ದಕ್ಕೆ ಒಂದು ಗೆರೆ. ನನ್ನ ಕಾಲು. ಸಹಿ, ತಾರೀಖು.

"ಒಂದು ತಿದ್ದಿದ್ರೆ ಸಾಲ್ದಾ?" ಎಂದ ಮುಖ್ಯಸ್ಥ. "ಎಲ್ಲಾನೂ ಯಾಕೆ? ಶುರು ಆಯ್ತಾ ಮತ್ತೆ ನಿಮ್ಮ ಕಾಯಿಲೆ?"

"ಅವಳನ್ನ ನೀವು ಒಂದಕ್ಕೆ ತೆಗೀಲಿಲ್ಲ ಸರ್. ನಲವತ್ತೊಂದಕ್ಕೆ ತೆಗೆದ್ರಿ. ಅಷ್ಟನ್ನೂ ತಗೊಂಡು ಹೋಗಿ ಕಂಟ್ರಾಕ್ಟ್‌ನವರಿಗೆ ತೋರಿಸಿ. ನೀವು ಹೋಗದಿದ್ರೆ ನಾನೇ ಹೋಗ್ತೀನಿ."

ಅವನು ತಪಾಸಣೆಯವರ ಕಡೆ ನೋಡಿದ. ಅವರು ಕನ್ನಡಕ ಒರೆಸುತ್ತಿದ್ದರು. ಅವಳು ಹಾಳೆ ತಿರುವಿದಳು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು ಅವಳಿಗೆ ಹೊಸತಲ್ಲ. ಆದರೆ ಈ ಸಲ ಹಿಂದಿನ ಹಾಳೆ ಸರಿಯಾಯಿತೇ ಎಂದು ತಿರುಗಿ ನೋಡಬೇಕೆನಿಸಲಿಲ್ಲ. ಒಂಬತ್ತು, ಹದಿನಾಲ್ಕು, ಇಪ್ಪತ್ತು. ಇಪ್ಪತ್ತಮೂರನೆಯದಕ್ಕೆ ಬಂದಾಗ ತಾರೀಖು ನೋಡಿ ಕೈ ನಿಂತಿತು. ಅದು ಟ್ರಾಲಿ ಅಕ್ಕ ಟ್ಯೂಬು ಸುತ್ತಿಕೊಂಡು ಬಂದ ದಿನ. ಈಗ ಸದ್ದಿಲ್ಲ ಅಲ್ವಾ ಎಂದು ನಕ್ಕ ಬಾಯಿ, ಮೇಲಿನ ಸಾಲಿನಲ್ಲಿ ಒಂದು ಹಲ್ಲಿಲ್ಲದ್ದು ಕೂಡ, ಕಣ್ಣ ಮುಂದೆ ಬಂತು. ನಿನ್ನೆ ಬರಬೇಕಾಗಿದ್ದದ್ದು ಆಗ ಬಂತು. ಬೀರುವಿನ ಅಂಚನ್ನು ಹಿಡಿದುಕೊಂಡು ಅವಳು ಎಲ್ಲರೆದುರಿಗೇ ಬಿಕ್ಕಿ ಅತ್ತಳು. ಕೈ ತೊಳೆಯಬೇಕೆನಿಸಲಿಲ್ಲ. ಮುಖ್ಯಸ್ಥ ಗಡಿಯಾರ ನೋಡಿಕೊಂಡ. ಅವಳು ಮೂಗು ಒರೆಸಿಕೊಂಡು, ಆ ಪದದ ಮೇಲೆ ಒಂದೇ ಒಂದು ಗೆರೆ ಎಳೆದು, ಪಕ್ಕದಲ್ಲಿ ಬರೆದು, ಸಹಿ ಹಾಕಿದಳು. ಇನ್ನೂ ಹದಿನೆಂಟು ಇದ್ದವು.